ನರಭಕ್ಷಕ ಚಿರತೆ ಬೇಟೆಗೆ ಎಂಥ ಬೆಳಕು ಬೇಕು? ಥರ್ಮಲ್ ಡ್ರೋನ್‌ಗೆ ಪ್ರಾಣಿ ಕಾಣುತ್ತದೆ, ಗುರುತು ಸಿಗುವುದಿಲ್ಲ

ಪುಣೆ ಜಿಲ್ಲೆಯ ಶಿರೂರು ತಾಲ್ಲೂಕಿನ ಪಿಂಪರಖೇಡ ಬಳಿ 2025ರ ನವೆಂಬರ್ 4ರ ರಾತ್ರಿ ಅರಣ್ಯ ಇಲಾಖೆಯ ಶಾರ್ಪ್‌ಶೂಟರ್‌ಗಳು ಚಿರತೆಯೊಂದನ್ನು ಗುಂಡಿಕ್ಕಿ ಕೊಂದರು. ಅದಕ್ಕೂ ಮೊದಲಿನ ಸುಮಾರು ಮೂರು ವಾರಗಳಲ್ಲಿ ಆ ಭಾಗದಲ್ಲಿ ಇಬ್ಬರು ಮಕ್ಕಳು ಮತ್ತು ಒಬ್ಬ ವೃದ್ಧೆ ಚಿರತೆ ದಾಳಿಗೆ ಬಲಿಯಾಗಿದ್ದರು. ಜನ ರೊಚ್ಚಿಗೆದ್ದು ಪುಣೆ–ನಾಸಿಕ್ ಹೆದ್ದಾರಿ ತಡೆದಿದ್ದರು. ಕಾರ್ಯಾಚರಣೆಯಲ್ಲಿ ಚಿರತೆಯನ್ನು ಪತ್ತೆ ಹಚ್ಚಿದ್ದು ಥರ್ಮಲ್ ಡ್ರೋನ್. ಅರಿವಳಿಕೆ ಚುಚ್ಚುಮದ್ದಿನ ಪ್ರಯತ್ನ ವಿಫಲವಾದ ಮೇಲೆ ಗುಂಡು ಹಾರಿಸಲಾಯಿತು ಎಂದು ಇಲಾಖೆ ಹೇಳಿತು.

ಅದೇ ವಾರ ಕರ್ನಾಟಕದಲ್ಲೂ ಇಂಥದ್ದೇ ಆತಂಕವಿತ್ತು. ಮೈಸೂರು ಜಿಲ್ಲೆಯ ಕಾಡಂಚಿನಲ್ಲಿ ಹುಲಿ ದಾಳಿಗೆ ಸರಣಿ ಸಾವು ಸಂಭವಿಸಿದ್ದರಿಂದ ನವೆಂಬರ್ 7ರಂದು ಬಂಡೀಪುರ ಮತ್ತು ನಾಗರಹೊಳೆಯಲ್ಲಿ ಸಫಾರಿ ನಿಲ್ಲಿಸಲು ಸರ್ಕಾರ ಆದೇಶಿಸಿತು. ಈಗ ಎರಡೂ ರಾಜ್ಯಗಳಲ್ಲಿ ಕೇಳಿಬರುವ ಬೇಡಿಕೆ ಒಂದೇ: ಇನ್ನಷ್ಟು ಡ್ರೋನ್ ಕೊಡಿ, ಇನ್ನಷ್ಟು ಸರ್ಚ್‌ಲೈಟ್ ಕೊಡಿ, ಊರಿಗೆ ದೀಪ ಹಾಕಿಸಿ. ಬೇಡಿಕೆ ನ್ಯಾಯವಾದದ್ದೇ. ಆದರೆ ಯಾವ ಬೆಳಕು ಯಾವ ಕೆಲಸಕ್ಕೆ ಎಂಬುದನ್ನು ತಿಳಿಯದೆ ಹಣ ಸುರಿದರೆ ತಪ್ಪು ಪ್ರಾಣಿ ಸಾಯಬಹುದು, ದಾಳಿ ಮಾಡಿದ ಪ್ರಾಣಿ ಗದ್ದೆಯಲ್ಲೇ ಉಳಿಯಬಹುದು.

ಚಿರತೆಯ ಕಣ್ಣಿಗೆ ಬೆಳಕು ಹೇಗೆ ಕಾಣುತ್ತದೆ?

ಬೆಕ್ಕಿನ ಜಾತಿಯ ಪ್ರಾಣಿಗಳ ಕಣ್ಣಿನ ಹಿಂಭಾಗದಲ್ಲಿ ಕನ್ನಡಿಯಂಥ ಪದರವಿದೆ. ಒಳಬಂದ ಬೆಳಕನ್ನು ಅದು ಮತ್ತೊಮ್ಮೆ ಅಕ್ಷಿಪಟಲಕ್ಕೆ ಹಿಂತಿರುಗಿಸುತ್ತದೆ. ಮನೆಯ ಬೆಕ್ಕಿಗೇ ನಮಗಿಂತ ಸುಮಾರು ಆರು ಪಟ್ಟು ಕಡಿಮೆ ಬೆಳಕು ಸಾಕು. ಟಾರ್ಚ್ ಬಿಟ್ಟಾಗ ಕತ್ತಲಲ್ಲಿ ಎರಡು ಕಣ್ಣು ಹೊಳೆಯುವುದು ಈ ಪದರದಿಂದಲೇ. ಆದರೆ ದನ, ಎಮ್ಮೆ, ಆಡು, ನಾಯಿ, ನರಿಯ ಕಣ್ಣುಗಳೂ ಹೊಳೆಯುತ್ತವೆ. ಹೊಳಪು ಕಂಡ ಮಾತ್ರಕ್ಕೆ ಅದು ಚಿರತೆಯೇ ಎಂದು ಹೇಳಲಾಗದು.

ಬೆಕ್ಕಿನ ಜಾತಿಗೆ ಕೆಂಪು ಬಣ್ಣ ಸರಿಯಾಗಿ ಕಾಣಿಸುವುದಿಲ್ಲ. ಹೀಗಾಗಿ ಕೆಂಪು ದೀಪ ಬಿಟ್ಟರೆ ಪ್ರಾಣಿ ಬೆದರುವುದು ಕಡಿಮೆ. ಹಸಿರು ದೀಪ ಮನುಷ್ಯನ ಕಣ್ಣಿಗೆ ಹೆಚ್ಚು ದೂರದವರೆಗೆ ಸ್ಪಷ್ಟ, ಆದರೆ ಪ್ರಾಣಿಗೂ ಅದು ಚೆನ್ನಾಗಿ ಕಾಣುತ್ತದೆ. ಇನ್‌ಫ್ರಾರೆಡ್ ದೀಪಗಳಲ್ಲಿ 850 ನ್ಯಾನೋಮೀಟರ್‌ನದ್ದು ದೂರ ತಲುಪುತ್ತದೆ, ಆದರೆ ದೀಪದ ಬಾಯಲ್ಲಿ ಮಸುಕಾದ ಕೆಂಪು ಮಿನುಗು ಇರುತ್ತದೆ. 940 ನ್ಯಾನೋಮೀಟರ್‌ನದ್ದು ಕಣ್ಣಿಗೆ ಬೀಳುವುದಿಲ್ಲ, ಆದರೆ ಅದರ ವ್ಯಾಪ್ತಿ ಕಡಿಮೆ. ಥರ್ಮಲ್ ಕ್ಯಾಮೆರಾಕ್ಕೆ ದೀಪವೇ ಬೇಡ. ಅದು ಮೈಯ ಶಾಖವನ್ನು ಹಿಡಿಯುತ್ತದೆ.

ಅಮೆರಿಕದ ಲೆಕ್ಕ ಇಲ್ಲಿ ನಡೆಯುವುದಿಲ್ಲ

ಅಮೆರಿಕದ ಹಲವು ರಾಜ್ಯಗಳಲ್ಲಿ ಕಯೋಟಿ ಎಂಬ ತೋಳದ ಜಾತಿಯ ಪ್ರಾಣಿಯನ್ನು ರಾತ್ರಿ ಬೇಟೆಯಾಡಲು ಅನುಮತಿ ಇದೆ. ಕೆಂಪು, ಹಸಿರು, ಇನ್‌ಫ್ರಾರೆಡ್ ದೀಪಗಳ ದೊಡ್ಡ ಮಾರುಕಟ್ಟೆ ಬೆಳೆದಿರುವುದು ಇಂಥ ಬೇಟೆಗಾಗಿಯೇ. ಅಲ್ಲಿ ಬೇಟೆಗಾರನಿಗೆ ‘ಇದು ಕಯೋಟಿ’ ಎಂದು ಗೊತ್ತಾದರೆ ಸಾಕು. ಯಾವ ಕಯೋಟಿ ಎಂಬ ಪ್ರಶ್ನೆಯೇ ಇಲ್ಲ.

ಭಾರತದಲ್ಲಿ ಇರುವುದು ಆ ಪ್ರಶ್ನೆಯೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಚಿರತೆ, ಹುಲಿ ಎರಡೂ ಇವೆ. ಅವುಗಳನ್ನು ಬೇಟೆಯಾಡಿದರೆ 3ರಿಂದ 7 ವರ್ಷ ಜೈಲು. ಕಾಯ್ದೆಯ 11ನೇ ಸೆಕ್ಷನ್ ಒಂದು ಕಿರಿದಾದ ಬಾಗಿಲು ತೆರೆದಿಟ್ಟಿದೆ. ಪ್ರಾಣಿ ಮನುಷ್ಯರ ಜೀವಕ್ಕೆ ಅಪಾಯಕಾರಿ ಎಂದು ಮುಖ್ಯ ವನ್ಯಜೀವಿ ವಾರ್ಡನ್‌ಗೆ ಮನವರಿಕೆಯಾಗಬೇಕು. ಹಿಡಿಯಲು, ಅರಿವಳಿಕೆ ಕೊಡಲು, ಸ್ಥಳಾಂತರಿಸಲು ಸಾಧ್ಯವಿಲ್ಲ ಎಂಬುದೂ ಖಚಿತವಾಗಬೇಕು. ಕಾರಣಗಳನ್ನು ಬರೆದೇ ಆದೇಶ ಹೊರಡಿಸಬೇಕು. ಆ ಆದೇಶ ಎಲ್ಲ ಚಿರತೆಗಳಿಗೂ ಅನ್ವಯಿಸುವುದಿಲ್ಲ, ಮನುಷ್ಯರ ಮೇಲೆ ದಾಳಿ ಮಾಡಿದ ಆ ಒಂದು ಚಿರತೆಗೆ ಮಾತ್ರ.

ಪಶ್ಚಿಮ ಮಹಾರಾಷ್ಟ್ರದಲ್ಲಿ ಇದು ಬರೀ ಕಾನೂನಿನ ಮಾತಲ್ಲ. ಅಹಿಲ್ಯಾನಗರ ಜಿಲ್ಲೆಯ ಅಕೋಲೆ ತಾಲ್ಲೂಕಿನಲ್ಲಿ ವಿಜ್ಞಾನಿ ವಿದ್ಯಾ ಅತ್ರೇಯ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಕಾಡೇ ಇಲ್ಲದ, ಕಬ್ಬಿನ ಗದ್ದೆಗಳ ನಡುವಿನ ಆ ಪ್ರದೇಶದಲ್ಲಿ 100 ಚದರ ಕಿ.ಮೀ.ಗೆ ಸುಮಾರು 5 ಚಿರತೆಗಳಿದ್ದವು. ಒಂದೇ ಗದ್ದೆಯ ಬದುವಿನಲ್ಲಿ ಇವತ್ತು ಒಂದು, ನಾಳೆ ಇನ್ನೊಂದು ಚಿರತೆ ಹಾದುಹೋಗುವ ಜಾಗ ಅದು. ದಾಳಿ ನಡೆದ ಊರಲ್ಲಿ ರಾತ್ರಿ ಕಂಡ ಮೊದಲ ಚಿರತೆಯೇ ದಾಳಿ ಮಾಡಿದ್ದು ಎಂದು ಹೇಗೆ ನಂಬುವುದು?

ಥರ್ಮಲ್ ಡ್ರೋನ್‌ನ ಮಿತಿ ಇರುವುದು ಇಲ್ಲೇ. ಶಾಖದ ಚಿತ್ರದಲ್ಲಿ ಪ್ರಾಣಿಯ ಆಕಾರ ಕಾಣುತ್ತದೆ, ನಡಿಗೆ ಕಾಣುತ್ತದೆ. ಮೈಮೇಲಿನ ಚುಕ್ಕೆಗಳು ಕಾಣುವುದಿಲ್ಲ. ಒಂದು ಚಿರತೆಯನ್ನು ಇನ್ನೊಂದರಿಂದ ಬೇರ್ಪಡಿಸುವುದು ಆ ಚುಕ್ಕೆಗಳೇ. ನಮ್ಮ ಬೆರಳಚ್ಚಿನಂತೆ ಪ್ರತಿ ಚಿರತೆಯ ಚುಕ್ಕೆಗಳ ವಿನ್ಯಾಸ ಬೇರೆ, ಪ್ರತಿ ಹುಲಿಯ ಪಟ್ಟೆ ಬೇರೆ. ಅದನ್ನು ಹಿಡಿಯಲು ಸ್ಪಷ್ಟ ಬೆಳಕಿನ ಚಿತ್ರ ಬೇಕು. ಇನ್‌ಫ್ರಾರೆಡ್ ಕ್ಯಾಮೆರಾದಲ್ಲಿ ಓಡುವ ಪ್ರಾಣಿಯ ಚಿತ್ರ ಮಸುಕಾಗುವ ಸಾಧ್ಯತೆ ಹೆಚ್ಚು. ಬಿಳಿ ಫ್ಲ್ಯಾಶ್‌ನ ಕ್ಯಾಮೆರಾ ಟ್ರ್ಯಾಪ್‌ನಲ್ಲಿ ಚುಕ್ಕೆ, ಪಟ್ಟೆ ನಿಚ್ಚಳವಾಗಿ ಬರುತ್ತವೆ. ಜತೆಗೆ, ದಟ್ಟ ಕಬ್ಬಿನ ಒಳಗಿರುವ ಪ್ರಾಣಿಯ ಶಾಖ ಡ್ರೋನ್‌ಗೆ ಎಲ್ಲ ಸಲ ತಲುಪುವುದೂ ಇಲ್ಲ.

ಅವನಿ ಪ್ರಕರಣ ಕಲಿಸಿದ ಪಾಠ

ರಾತ್ರಿ ಹಾರಿಸಿದ ಗುಂಡು ಎಷ್ಟು ದೊಡ್ಡ ವಿವಾದವಾಗಬಲ್ಲದು ಎಂಬುದಕ್ಕೆ ಮಹಾರಾಷ್ಟ್ರದ್ದೇ ಉದಾಹರಣೆ ಇದೆ. ಯವತ್ಮಾಳ ಜಿಲ್ಲೆಯಲ್ಲಿ 13 ಜನರ ಸಾವಿಗೆ ಕಾರಣ ಎನ್ನಲಾದ ಟಿ–1 ಅಥವಾ ‘ಅವನಿ’ ಹೆಸರಿನ ಹುಲಿಯನ್ನು 2018ರ ನವೆಂಬರ್ 2ರ ರಾತ್ರಿ ಕೊಲ್ಲಲಾಯಿತು. ಮೊದಲು ಅರಿವಳಿಕೆ, ಆಗದಿದ್ದರೆ ಮಾತ್ರ ಗುಂಡು ಎಂಬ ಆದೇಶವಿತ್ತು. ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರದ ತಂಡ ತನಿಖೆ ನಡೆಸಿ, ಮಾರ್ಗಸೂಚಿ ಉಲ್ಲಂಘನೆಯಾಗಿದೆ ಎಂದು ವರದಿ ಕೊಟ್ಟಿತು. ಆ ಮಾರ್ಗಸೂಚಿಯ ಪ್ರಕಾರ ಸೂರ್ಯಾಸ್ತದ ನಂತರ ಅರಿವಳಿಕೆ ಕಾರ್ಯಾಚರಣೆ ನಡೆಸುವಂತಿಲ್ಲ. ಕಾರಣ ಸರಳ. ಚುಚ್ಚುಮದ್ದು ತಗುಲಿದ ಪ್ರಾಣಿ ತಕ್ಷಣ ಬೀಳುವುದಿಲ್ಲ. ಕತ್ತಲಲ್ಲಿ ಅದು ಎತ್ತ ಓಡಿತು ಎಂದು ಹುಡುಕಹೊರಟವರ ಜೀವಕ್ಕೇ ಅಪಾಯ.

ತಪ್ಪು ಪ್ರಾಣಿಯನ್ನು ಹಿಡಿದರೂ ತೊಂದರೆಯೇ. ಜುನ್ನರ ಭಾಗದಲ್ಲಿ ಎರಡು ದಶಕಗಳ ಹಿಂದೆ ಚಿರತೆಗಳನ್ನು ಹಿಡಿದು ಬೇರೆಡೆ ಬಿಡಲಾಗಿತ್ತು. ಆನಂತರ ಮನುಷ್ಯರ ಮೇಲಿನ ದಾಳಿ ಹೆಚ್ಚಿದ್ದನ್ನು ಅತ್ರೇಯ ಅವರ ತಂಡವೇ ದಾಖಲಿಸಿದೆ.

ಹಾಗಾದರೆ ರಾತ್ರಿ ಏನೂ ಮಾಡಬಾರದೇ? ಹಾಗಲ್ಲ. ಥರ್ಮಲ್ ಡ್ರೋನ್ ಪ್ರಾಣಿ ಎಲ್ಲಿದೆ ಎಂದು ತೋರಿಸಲಿ, ಜನರನ್ನು ಆ ಕಡೆ ಹೋಗದಂತೆ ತಡೆಯಲು ನೆರವಾಗಲಿ. ಬಿಳಿ ಫ್ಲ್ಯಾಶ್‌ನ ಕ್ಯಾಮೆರಾ ಯಾವ ಪ್ರಾಣಿ ಎಂದು ಹೇಳಲಿ. ಬೋನು ಇಡುವುದು, ಅರಿವಳಿಕೆ ಕೊಡುವುದು, ಕೊನೆಗೆ ಗುಂಡು ಹಾರಿಸುವುದು ಈ ಎರಡನೇ ಬೆಳಕಿನ ಸಾಕ್ಷ್ಯದ ಮೇಲೆ ನಿರ್ಧಾರವಾಗಲಿ. ಪ್ರಾಣಿ ಮೈಮೇಲೆ ಎರಗಿದಾಗ ಜೀವ ಉಳಿಸಿಕೊಳ್ಳಲು ಹಾರಿಸುವ ಗುಂಡಿನ ಮಾತು ಬೇರೆ.

ಓಡಿಸುವ ದೀಪ, ಹಗಲಿನ ಕರೆಂಟ್

ಕೊಲ್ಲಲು ಅಲ್ಲ, ದೂರ ಇಡಲು ಬಳಸುವ ದೀಪಗಳೂ ಇವೆ. ಕೀನ್ಯಾದ ನೈರೋಬಿ ರಾಷ್ಟ್ರೀಯ ಉದ್ಯಾನದ ಪಕ್ಕದ ಬಾಲಕ ರಿಚರ್ಡ್ ತುರೆರೆ, ಕೊಟ್ಟಿಗೆಯ ಸುತ್ತ ಮಿನುಗುವ ದೀಪ ಕಟ್ಟಿ ಸಿಂಹಗಳನ್ನು ದೂರ ಇಟ್ಟ ಕಥೆ ಜಗತ್ತಿಗೇ ಗೊತ್ತಾಯಿತು. ಚಿಲಿಯಲ್ಲಿ ನಡೆದ ಪ್ರಯೋಗದಲ್ಲಿ ಮಿನುಗುವ ದೀಪಗಳು ಪ್ಯೂಮಾವನ್ನು ತಡೆದವು, ಆದರೆ ಅಲ್ಲಿನ ನರಿಯನ್ನು ತಡೆಯಲಿಲ್ಲ. ಒಂದು ಪ್ರಾಣಿಗೆ ಹೆದರಿಕೆ ಹುಟ್ಟಿಸಿದ್ದು ಇನ್ನೊಂದಕ್ಕೆ ಏನೂ ಅಲ್ಲ ಎಂಬುದನ್ನು ಟೆಂಡರ್ ಕರೆಯುವ ಮೊದಲು ಅಧಿಕಾರಿಗಳು ನೆನಪಿಡಬೇಕು. ಸದಾ ಒಂದೇ ರೀತಿ ಉರಿಯುವ ಬೀದಿದೀಪಕ್ಕೆ ಚಿರತೆ ಒಗ್ಗಿಕೊಳ್ಳುತ್ತದೆ. ಮುಂಬೈಯ ಸಂಜಯ್ ಗಾಂಧಿ ಉದ್ಯಾನದ ಅಂಚಿನ ವಸತಿ ಸಂಕೀರ್ಣಗಳ ಸಿಸಿಟಿವಿ ದೃಶ್ಯ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಇನ್ನು ರೈತರ ವಿಷಯ. ಪಂಪ್‌ಸೆಟ್‌ಗೆ ಥ್ರೀ ಫೇಸ್ ಕರೆಂಟ್ ಬರುವುದು ರಾತ್ರಿಯಾದರೆ, ನೀರು ಬಿಡಲು ರೈತ ರಾತ್ರಿಯೇ ಗದ್ದೆಗೆ ಹೋಗಬೇಕು. ಕೈಯಲ್ಲಿ ಟಾರ್ಚ್ ಇದ್ದರೂ ಬೆನ್ನ ಹಿಂದೆ ಕತ್ತಲೇ. ಹಗಲು ಕರೆಂಟ್ ಕೊಡಿ ಎಂದು ಜುನ್ನರ, ಶಿರೂರು ಭಾಗದ ರೈತರು ವರ್ಷಗಳಿಂದ ಕೇಳುತ್ತಿದ್ದಾರೆ. ಮಹಾರಾಷ್ಟ್ರ 2017ರಲ್ಲೇ ಮುಖ್ಯಮಂತ್ರಿ ಸೌರ ಕೃಷಿ ವಾಹಿನಿ ಯೋಜನೆ ಆರಂಭಿಸಿತು. ಸೌರ ಫೀಡರ್‌ಗಳ ಮೂಲಕ ಹಗಲಿನಲ್ಲೇ ಕೃಷಿಗೆ ವಿದ್ಯುತ್ ಕೊಡುವುದು ಅದರ ಗುರಿ. ಚಿರತೆ ಹಾವಳಿಯ ಹಳ್ಳಿಗಳಿಗೆ ಇದರಲ್ಲಿ ಮೊದಲ ಸರದಿ ಸಿಗಬೇಕು.

ಒಂದು ಡ್ರೋನ್ ಖರೀದಿ ಸುದ್ದಿಯಾಗುತ್ತದೆ, ಒಂದು ಫೀಡರ್ ಬದಲಾವಣೆ ಸುದ್ದಿಯಾಗುವುದಿಲ್ಲ. ಆದರೆ ಸಂಜೆಯ ನಂತರ ಗದ್ದೆಗೆ ಹೋಗುವ ಅನಿವಾರ್ಯತೆಯನ್ನೇ ತಪ್ಪಿಸುವುದು ಆ ಫೀಡರ್. ನರಭಕ್ಷಕ ಎಂದು ಯಾವ ಚಿರತೆಗೂ ಹಣೆಪಟ್ಟಿ ಹಚ್ಚುವ ಸ್ಥಿತಿ ಬರದಂತೆ ತಡೆಯುವ ಬೆಳಕು ಸೂರ್ಯನದ್ದೇ. ಅದನ್ನು ರೈತನಿಗೆ ತಲುಪಿಸುವುದು ಅರಣ್ಯ ಇಲಾಖೆಯೊಂದರ ಕೆಲಸವಲ್ಲ. ಇಂಧನ ಇಲಾಖೆಯೂ ಇದಕ್ಕೆ ಉತ್ತರ ಕೊಡಬೇಕು.