ಒಂದೇ ಔಷಧಿ, ಬೇರೆ ಬೇರೆ ಫಲ

ಸಹೋದರಿಯರೇ, "ಪಕ್ಕದ ಮನೆಯಾಕೆಗೆ ಅದೇ ಕೀಮೋ ಹಿಡಿಯಿತು, ನಮ್ಮ ಉಮ್ಮನಿಗೇಕೆ ಹಿಡಿಯಲಿಲ್ಲ?" ಎಂದು ಕೇಳುವವರಿದ್ದಾರೆ. ಪಥ್ಯ ತಪ್ಪಿತೆಂದು ರೋಗಿಯನ್ನೇ ದೂರುವವರೂ ಇದ್ದಾರೆ. ಅದು ಅನ್ಯಾಯ. ಕಾರಣ ಎಷ್ಟೋ ಬಾರಿ ಗಡ್ಡೆಯ ಜೀವಕೋಶಗಳೊಳಗೇ ಇರುತ್ತದೆ.

ಟ್ಯೂಬುಲಿನ್ ಎಂಬ ಪ್ರೋಟೀನಿನಿಂದ ಜೀವಕೋಶದೊಳಗೆ ಸೂಕ್ಷ್ಮ ನಳಿಕೆಗಳು ಕಟ್ಟಿಕೊಳ್ಳುತ್ತವೆ, ಮತ್ತೆ ಕಳಚಿಕೊಳ್ಳುತ್ತವೆ. ಕೋಶವು ಎರಡಾಗುವಾಗ ವರ್ಣತಂತುಗಳನ್ನು ಅತ್ತ ಇತ್ತ ಎಳೆಯುವುದು ಇವೇ. ಸ್ತನ, ಅಂಡಾಶಯದ ಕ್ಯಾನ್ಸರಿಗೆ ಕೊಡುವ ಪ್ಯಾಕ್ಲಿಟ್ಯಾಕ್ಸೆಲ್ (ಮೊದಲು ಮರದ ತೊಗಟೆಯಿಂದ ದೊರೆತದ್ದು!) ಈ ನಳಿಕೆಗಳನ್ನು ಕಳಚದಂತೆ ಬಿಗಿದುಬಿಡುತ್ತದೆ. ಇದನ್ನು 1979ರಲ್ಲಿ ತೋರಿಸಿದವರು ಸೂಸನ್ ಹಾರ್ವಿಟ್ಜ್ ಮತ್ತು ಸಂಗಡಿಗರು. ನರಗಳಿಗೂ ಈ ನಳಿಕೆಗಳು ಬೇಕು. ಬೆರಳುಗಳು ಜೋಮು ಹಿಡಿಯುವುದು ಅದಕ್ಕೇ. ವೈದ್ಯರಿಗೆ ಹೇಳಲು ಸಂಕೋಚ ಬೇಡ.

ಟ್ಯೂಬುಲಿನ್‌ನಲ್ಲಿ ಹಲವು ಬಗೆಗಳಿವೆ. ಬೀಟಾ ಟ್ಯೂಬುಲಿನ್‌ನ ಮೂರನೆಯ ಬಗೆ ಸಾಮಾನ್ಯವಾಗಿ ಹೆಚ್ಚಾಗಿರುವುದು ನರಕೋಶಗಳಲ್ಲಿ. ಕೆಲವು ಗಡ್ಡೆಗಳಲ್ಲೂ ಅದು ಹೆಚ್ಚಿರುತ್ತದೆ. ಅಂಥವು ಈ ಔಷಧಿಗೆ ಸುಲಭವಾಗಿ ಬಗ್ಗುವುದಿಲ್ಲವೆಂದು ಅನೇಕ ಅಧ್ಯಯನಗಳು ಹೇಳಿವೆ. ಆದರೆ ಎಲ್ಲವೂ ಒಂದೇ ಮಾತು ಹೇಳಿಲ್ಲ. ಹಾಗಾಗಿ ಈ ಗುರುತು ನೋಡಿ ಔಷಧಿ ಆರಿಸುವುದು ಇನ್ನೂ ವಾಡಿಕೆಗೆ ಬಂದಿಲ್ಲ. ಯಾರಾದರೂ ಇದಕ್ಕೆಂದು ದುಬಾರಿ ಪರೀಕ್ಷೆ ಸೂಚಿಸಿದರೆ, "ಇದರಿಂದ ಚಿಕಿತ್ಸೆ ಬದಲಾಗುತ್ತದೆಯೇ?" ಎಂದು ಮೊದಲು ಕೇಳಿರಿ.