ಹಾಲಿನ ಸಂಘಗಳಲ್ಲಿ ಸುಧಾರಣೆಯು ನೆಲೆಯೂರುವ ಬಗೆ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳಲ್ಲಿ ಮಳೆಯನ್ನು ನಂಬಿದ ರಾಗಿಯು ವರ್ಷಕ್ಕೊಮ್ಮೆ ಕೈಸೇರುವುದು; ಹಾಲಿನ ಹಣವಾದರೋ ವರ್ಷವೆಲ್ಲವೂ ಬರುವುದು. ವಿಶ್ವಬ್ಯಾಂಕಿನ ನೆರವಿನಿಂದ 1974ರಲ್ಲಿ ಆರಂಭವಾದ ಹೈನು ಅಭಿವೃದ್ಧಿ ಯೋಜನೆಯು ಕರ್ನಾಟಕದ ಗ್ರಾಮಗಳಲ್ಲಿ ಹಾಲು ಉತ್ಪಾದಕರ ಸಹಕಾರ ಸಂಘಗಳನ್ನು ಬೆಳೆಯಿಸಿತು. ಹಾಲಿಗೆ ಅಳತೆಯನ್ನು ಮಾತ್ರವಲ್ಲದೆ, ಅದರ ಜಿಡ್ಡನ್ನೂ ಇತರ ಘನಾಂಶವನ್ನೂ ನೋಡಿ ಬೆಲೆ ಕಟ್ಟುವ ಕ್ರಮವೇ ಈ ಸಂಘಗಳ ಜೀವಾಳವು. ನೀರು ಬೆರೆತ ಹಾಲಿಗೂ ಗಟ್ಟಿ ಹಾಲಿಗೂ ಒಂದೇ ದರವಾದರೆ ಪ್ರಾಮಾಣಿಕನಿಗೇ ನಷ್ಟವು.

ಆದರೆ ಪರೀಕ್ಷಾಯಂತ್ರವನ್ನು ತಂದಿರಿಸಿದ ಮಾತ್ರಕ್ಕೆ ಸುಧಾರಣೆಯಾಯಿತೆಂದು ತಿಳಿಯತಕ್ಕುದಲ್ಲ. ಯಂತ್ರವು ತೋರಿದ ಅಂಕೆಯನ್ನು ಹಾಲು ಹಾಕಿದವರು ನಂಬದಿದ್ದಲ್ಲಿ ಅದು ಜಗಳಕ್ಕೆ ಮೂಲವಾಗುವುದು. ಆದುದರಿಂದ ಅಂಕೆಯು ಎಲ್ಲರಿಗೂ ಕಾಣುವಂತಿರಬೇಕು; ಚೀಟಿಯು ಆಗಲೇ ಕೈಸೇರಬೇಕು; ಆಗಾಗ್ಗೆ ಸದಸ್ಯರ ಎದುರಿನಲ್ಲಿಯೇ ಯಂತ್ರದ ಅಂಕೆಯನ್ನು ಗರ್ಬರ್ ಪರೀಕ್ಷೆಯೊಂದಿಗೆ ತಾಳೆ ನೋಡಬೇಕು.

ಒಂದೇ ಸಲಕ್ಕೆ ಹತ್ತು ನಿಯಮಗಳನ್ನು ಹೇರುವುದೂ ತರವಲ್ಲ. ಮೊದಲು ಪರೀಕ್ಷೆ; ಅದು ರೂಢಿಯಾದ ಮೇಲೆ ಪಾತ್ರೆಗಳ ಶುಚಿ; ಬಳಿಕ ಕರೆದ ಹಾಲನ್ನು ತಡವಿಲ್ಲದೆ 4 ಡಿಗ್ರಿ ಸೆಲ್ಸಿಯಸ್‌ಗೆ ತಂಪುಮಾಡುವ ಏರ್ಪಾಡು.

ಎಲ್ಲಕ್ಕೂ ಮಿಗಿಲಾದುದು ಗ್ರಾಮಮುಖ್ಯರ ನಡತೆ. ಹತ್ತು ಹಸುಗಳ ಒಡೆಯನ ಹಾಲು ಪರೀಕ್ಷೆಯಿಲ್ಲದೆ ಒಳಹೋಗಿ, ಒಂದೇ ಹಸುವನ್ನು ಸಾಕಿದ ವಿಧವೆಯ ಹಾಲು ಹಿಂದಕ್ಕೆ ಬಂದಲ್ಲಿ, ಆ ದಿನವೇ ನಿಯಮವು ಸತ್ತಂತೆ. ಸಹಕಾರ ಸಂಘದಲ್ಲಿ ಸದಸ್ಯನೊಬ್ಬನಿಗೆ ಮತವೊಂದೇ. ಹಾಲಿಗೂ ನ್ಯಾಯವೊಂದೇ ಆಗತಕ್ಕುದು. ಮುಖ್ಯರ ಹಾಲು ಮೊದಲು ಪರೀಕ್ಷೆಗೊಳಗಾಗಲಿ. ದರವು ಕಡಿಮೆಯಾದಲ್ಲಿ ಅವರು ಮರುಮಾತಿಲ್ಲದೆ ಒಪ್ಪಲಿ. ಊರು ತಾನಾಗಿಯೇ ಹಿಂಬಾಲಿಸುವುದು.