ಹೊಳೆ ದಂಡೆಯ ರಾತ್ರಿ ನಮಗೂ ಸಿಗಲಿ

ಎಳ್ಳಮಾವಾಸ್ಯೆ ದಿನ ಕಮಲನಗರ, ಔರಾದ್, ಭಾಲ್ಕಿ ಕಡೆಯ ನಾವೆಲ್ಲ ಭಜ್ಜಿ, ಅಂಬಲಿ, ರೊಟ್ಟಿ ಕಟ್ಟಿಕೊಂಡು ಮನೆಮಂದಿ ಸಮೇತ ಹೊಲಕ್ಕೆ ಹೋಗುತ್ತೇವೆ. ಚರಗ ಚೆಲ್ಲಿ, ಕೂಡಿ ಉಣ್ಣುತ್ತೇವೆ. ಪೇಟೆಯವರ ಕ್ಯಾಂಪಿಂಗ್ ನಮಗೆ ಹೊಸದೇನಲ್ಲ. ಆದರೆ ಕತ್ತಲಾಗುವ ಮುಂಚೆ ಮನೆಗೆ ಓಡಬೇಕು. ಹೆಣ್ಣುಮಕ್ಕಳಿಗೆ ಶೌಚಾಲಯ ಇಲ್ಲ, ಬೆಳಕಿಲ್ಲ.

ಕಾಳಿ ನದಿ ಸಮುದ್ರ ಸೇರುವ ಕಾರವಾರದಲ್ಲಿ, ದೇವಬಾಗದ ದಂಡೆ ಮೇಲೆ, ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯ ರೆಸಾರ್ಟ್ ಇದೆ. ಚೆಂದದ ಜಾಗ. ಆದರೆ ಅದು ರಾಜ್ಯದ ಆ ತುದಿ, ನಾವು ಈ ತುದಿ. ಬೀದರ್ ಹತ್ತಿರವೇ ಅದೇ ಸಂಸ್ಥೆಯ ಬ್ಲ್ಯಾಕ್‌ಬಕ್ ರೆಸಾರ್ಟ್ ಇದೆ. ಕೂಲಿ ಮಾಡುವ ಮನೆಗೆ ರೆಸಾರ್ಟಿನ ಬಾಡಿಗೆ ಎಟುಕುವುದಿಲ್ಲ.

ನಮ್ಮಲ್ಲೇ ನೀರಿಲ್ಲವೇ? ಮಾಂಜ್ರಾ ಇದೆ. ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿ ಹತ್ತಿರ ಕಾರಂಜಾ ಜಲಾಶಯ ಇದೆ. ಹಿನ್ನೀರು ಏರದಷ್ಟು ಎತ್ತರದಲ್ಲಿ ಒಂದು ಸಮತಟ್ಟು ಜಾಗ, ಒಂದು ನಲ್ಲಿ, ದೀಪ, ಚಿಲಕ ಇರುವ ಶೌಚಾಲಯ, ಒಬ್ಬ ಕಾವಲುಗಾರ. ಮಕ್ಕಳು ನೀರಿಗಿಳಿಯದಂತೆ ಬೇಲಿ. ಇಷ್ಟು ಸಾಕು. ಹಾಸಿಗೆ, ಬುತ್ತಿ ನಾವೇ ತರುತ್ತೇವೆ. ಸಣ್ಣ ಶುಲ್ಕ ಇಡಲಿ, ಅದು ಗ್ರಾಮ ಪಂಚಾಯಿತಿಗೇ ಸೇರಲಿ.

ಪ್ರವಾಸೋದ್ಯಮ ಎಂದರೆ ಹೊರಗಿನವರನ್ನು ಕರೆತರುವುದಷ್ಟೇ ಅಲ್ಲ. ಇಲ್ಲಿಯ ತಾಯಂದಿರು ಮಕ್ಕಳ ಜೊತೆ ಒಂದು ರಾತ್ರಿ ಭಯವಿಲ್ಲದೆ ಚುಕ್ಕೆ ನೋಡುವುದೂ ಹೌದು. ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಕೇಳೋಣ.